ನಾನು ಅರಳಿಸಿದ ಗುಲಾಬಿ

ನನ್ನ ಮುಖದ ಮೇಲೆ ಈಗ ಕಾಳುಮೆಣಸು ಒಣಗುತ್ತಿದೆ. ಸುಳ್ಳಲ್ಲ, ಬೇಕಾದರೆ ಆನೇಮಹಲಿನ ನಮ್ಮ ಮನೆಯ ಹಿಂದಿನ ಅಂಗಳಕ್ಕೆ ಬಂದು ನೋಡಿ. ಎಂಟಡಿ ಉದ್ದದ ಫ್ಲೆಕ್ಸ್ ಒಂದನ್ನು ನೆಲಕ್ಕೆ ಹಾಸಿದೆ. ಅದರಲ್ಲಿ ನಾನು ಕಪ್ಪು ಕೋಟು ತೊಟ್ಟು, ಕೈಕಟ್ಟಿಕೊಂಡು, ಜಗತ್ತಿನ ಸಕಲ ವಿದ್ಯೆಯೂ ನನಗೆ ಬರುತ್ತದೆ ಎಂಬ ಹಾಗೆ ನಗುತ್ತಿದ್ದೇನೆ. ಪಕ್ಕದಲ್ಲಿ ಕೆಂಪು ಅಕ್ಷರ: ‘ವಿಡಿಯೋ ಎಡಿಟಿಂಗ್ ಕಲಿಯಿರಿ. ಏನೂ ಬಾರದವರಿಗೂ ಕಲಿಸಲಾಗುವುದು.’ ಅದರ ಮೇಲೆ ನನ್ನ ಹೆಂಡತಿ ಲಿಲ್ಲಿ ಮೆಣಸು ಹರವಿ, ಕಾಲಿನಿಂದ ಸಾಲು ಎಳೆಯುತ್ತಿದ್ದಾಳೆ.

“ಮಗುಚಿ ಹಾಸಬಾರದಿತ್ತಾ?” ಎಂದು ಕೇಳಿದೆ.

“ಆ ಕಡೆ ಬಿಳಿ. ನಿಮ್ಮ ಕೋಟು ಕಪ್ಪಲ್ಲವಾ, ಬಿಸಿಲು ಹಿಡಿಯುತ್ತದೆ. ಅದರ ಮೇಲೆ ಬಿದ್ದ ಮೆಣಸು ಒಂದು ದಿನ ಮುಂಚೆ ಒಣಗುತ್ತದೆ” ಎಂದಳು ಕೊಂಕಣಿಯಲ್ಲಿ. ಇಂಥ ಮಾತು ಕೊಂಕಣಿಯಲ್ಲಿ ಕೇಳಿದರೆ ಇನ್ನೂ ಸ್ವಲ್ಪ ಜಾಸ್ತಿ ಉರಿಯುತ್ತದೆ.

ಆ ಕೋಟು ನನ್ನ ಸ್ವಂತದ್ದಲ್ಲ, ಸ್ಟುಡಿಯೋದ್ದು. ಫೋಟೋ ತೆಗೆಸಲು ಬಂದವರಿಗೆಲ್ಲ ತೊಡಿಸುತ್ತಿದ್ದೆ. ಬೆನ್ನ ಹಿಂದೆ ಉದ್ದಕ್ಕೆ ಹರಿದಿದೆ, ಫೋಟೋದಲ್ಲಿ ಕಾಣುವುದಿಲ್ಲ. ಮೂವತ್ತು ವರ್ಷ ನಾನು ಮಾಡಿಕೊಂಡು ಬಂದ ಕಸುಬೇ ಅದು, ಹರಿದದ್ದು ಕಾಣದ ಹಾಗೆ ನಿಲ್ಲಿಸುವುದು.

ನನ್ನ ಹೆಸರು ಫೆಲಿಕ್ಸ್. ಸಕಲೇಶಪುರದಿಂದ ಆಲೂರಿನವರೆಗೆ, ಈ ಕಡೆ ಹಾನುಬಾಳಿನವರೆಗೆ ‘ವಿಡಿಯೋ ಫೆಲಿಕ್ಸ್’ ಅಂದರೆ ಒಂದು ಕಾಲಕ್ಕೆ ಎಲ್ಲರಿಗೂ ಗೊತ್ತಿತ್ತು. ನನ್ನನ್ನು ಕೇಳಿಯೇ ಮದುವೆಯ ದಿನ ಗೊತ್ತು ಮಾಡುತ್ತಾರೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನಿಜ ಹೇಳಬೇಕೆಂದರೆ ಅಡುಗೆಯವರನ್ನು ಕೇಳುತ್ತಿದ್ದರು, ಆಮೇಲೆ ನನ್ನನ್ನು. ಈಗ ಬೆಂಗಳೂರಿಂದ ಆರೇಳು ಜನರ ತಂಡ ಬರುತ್ತದೆ. ಮದುವೆ ಹೆಣ್ಣು ಗಂಡನ್ನು ಕಾಫಿ ಗಿಡಗಳ ನಡುವೆ ಓಡಿಸುತ್ತಾರೆ, ಅವರ ನೆತ್ತಿಯ ಮೇಲೆ ಡ್ರೋನು ಹಾರಿಸುತ್ತಾರೆ. ಉಳಿದವರ ಕೈಯಲ್ಲೆಲ್ಲ ಫೋನಿದೆ. ನನ್ನ ಪಾಲಿಗೆ ಉಳಿದದ್ದು ಬಾಳ್ಳುಪೇಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿದ ಒಂದು ಮಹಡಿ ಕೋಣೆ, ಎರಡು ಹಳೆಯ ಕಂಪ್ಯೂಟರು, ಮತ್ತೆ ಮಿಕ್ಸಿಂಗ್ ಎಂಬ ವಿದ್ಯೆ. ನಮ್ಮ ಕಾಲದಲ್ಲಿ ಎಡಿಟಿಂಗನ್ನು ಮಿಕ್ಸಿಂಗ್ ಅಂತಲೇ ಕರೆಯುತ್ತಿದ್ದೆವು. ಬರುವ ವಿದ್ಯೆಯನ್ನು ನಾಲ್ಕು ಜನಕ್ಕೆ ಹೇಳಿಕೊಟ್ಟು ಕಾಲ ಹಾಕೋಣ ಅಂದುಕೊಂಡೆ. ಕಲಿಸುವುದು ಸುಲಭ ಎಂಬ ನಂಬಿಕೆ ನನಗಿತ್ತು, ಯಾಕೆಂದರೆ ಅಲ್ಲಿಯವರೆಗೆ ಯಾರಿಗೂ ಏನೂ ಕಲಿಸಿರಲಿಲ್ಲ.

ಲೆಕ್ಕಕ್ಕೆ ಸರಿಯಾಗಿ ನಾಲ್ಕೇ ಜನ ಬಂದರು. ಅದರಲ್ಲಿ ಇಬ್ಬರು ಕಾಲೇಜು ಹುಡುಗಿಯರು ನಾಲ್ಕು ದಿನ ಕೂತು, ಈ ಮೇಷ್ಟ್ರಿಗಿಂತ ನಮಗೇ ಹೆಚ್ಚು ಬರುತ್ತದೆ ಎಂದು ಖಾತ್ರಿ ಮಾಡಿಕೊಂಡು ಹೊರಟುಹೋದರು. ಉಳಿದವರಲ್ಲಿ ಒಬ್ಬ ಮಂಜ, ಹೋಂಸ್ಟೇಗೆ ಬಂದವರನ್ನು ಗುಡ್ಡ ಹತ್ತಿಸಿ ಇಳಿಸುವ ಜೀಪ್ ಡ್ರೈವರ್. ಹೆಂಡತಿ, ಎರಡು ಮಕ್ಕಳು ಇರುವ ಗೃಹಸ್ಥ. ತನ್ನ ಜೀಪು ಕೆಸರಲ್ಲಿ ಹೂತು ಎದ್ದು ಬರುವುದನ್ನು ನಿಧಾನ ಮಾಡಿ ಜನಕ್ಕೆ ತೋರಿಸಬೇಕು, ಅಷ್ಟೇ ಅವನ ಜೀವನದ ಆಸೆ. ಇನ್ನೊಬ್ಬರು ಸುಶೀಲಮ್ಮ. ಆಲೂರು ಕಡೆಯ ಹಳ್ಳಿಯವರು, ಮೂರೆಕರೆ ಕಾಫಿ, ಒಂದಿಷ್ಟು ಗದ್ದೆ. ನಲವತ್ತೈದು ದಾಟಿದ ಹೆಂಗಸು ಬಸ್ಸು ಹತ್ತಿ ಬಂದು ಎಡಿಟಿಂಗ್ ಕಲಿಯುವುದೇನಿದೆ ಎಂದು ನನಗೂ ಅನ್ನಿಸಿತ್ತು. ಕೇಳಲಿಲ್ಲ. ಕೇಳಿದರೆ ಅವರೂ ಎದ್ದುಹೋದಾರು ಎಂಬ ಭಯ.

ಮೊದಲ ಪಾಠದಲ್ಲೇ ನನ್ನ ಬಂಡವಾಳ ಹೊರಬಿತ್ತು. ಕಂಪ್ಯೂಟರಿನ ಮುಂದೆ ಕೂತು ಟಕಟಕ ಎಂದು ಎರಡು ದೃಶ್ಯ ಕತ್ತರಿಸಿ ಜೋಡಿಸಿ ತೋರಿಸಿದೆ.

“ಈಗ ಯಾವ್ದನ್ನ ಒತ್ತಿದ್ರಿ ಫೆಲಿಕ್ಸಣ್ಣ?” ಎಂದ ಮಂಜ.

“ಸರಿಯಾಗಿ ನೋಡು.”

“ನೋಡ್ತಾನೇ ಇದೀನಿ ಮಾರಾಯ್ರೆ. ಬೆರಳೇ ಕಾಣಾಕಿಲ್ಲ.”

ನಿಧಾನವಾಗಿ ಒತ್ತಿ ತೋರಿಸಲು ಹೋದೆ. ಬರಲಿಲ್ಲ. ಬೆರಳಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಸುಶೀಲಮ್ಮ ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು, ಪೆನ್ನು ಹಿಡಿದು ಕಾಯುತ್ತಿದ್ದರು. ಕೊನೆಗೆ ನಾನೇ ನನ್ನ ಬೆರಳು ನೋಡಿಕೊಂಡು, ಯಾವುದರ ನಂತರ ಯಾವುದು ಎಂದು ಒಂದೊಂದನ್ನೇ ಅವರಿಗೆ ಬರೆಸಿದೆ. ನನ್ನ ಕೆಲಸ ಹೇಗೆ ನಡೆಯುತ್ತದೆ ಎಂದು ನನಗೆ ತಿಳಿದದ್ದು ಆ ಹೆಂಗಸಿನ ನೋಟ್‌ಬುಕ್ಕಿನಲ್ಲಿ.

ಎರಡನೇ ವಾರ ಇನ್ನೊಂದು ಫಜೀತಿ. ಇಬ್ಬರ ಮನೆಯಲ್ಲೂ ಕಂಪ್ಯೂಟರ್ ಇಲ್ಲ, ಫೋನಲ್ಲೇ ಹೇಳಿಕೊಡಿ ಅಂದರು. ಫೋನಿನಲ್ಲಿ ಎಡಿಟ್ ಮಾಡುವುದು ಹುಡುಗಾಟಿಕೆ ಎಂದು ನಾನು ಊರಿಗೆಲ್ಲ ಸಾರಿದವನು. ಈಗ ಬೆಳಗ್ಗೆ ಆನೇಮಹಲಿನಲ್ಲಿ ಬಸ್ಸು ಹತ್ತಿದರೆ ಬಾಳ್ಳುಪೇಟೆ ಬರುವಷ್ಟರಲ್ಲಿ ಆ ದಿನದ ಪಾಠವನ್ನು ನಾನು ಕಲಿತಿರಬೇಕು. ಫೋನಿನಲ್ಲಿ ಯಾರೋ ಒಬ್ಬ ಹಿಂದಿಯಲ್ಲಿ ಹೇಳಿಕೊಡುತ್ತಿದ್ದ. ಹಿಂದಿ ನನಗೆ ಬಾರದು, ಅವನ ಬೆರಳು ನೋಡಿ ಕಲಿತೆ. ಬಸ್ಸು ಬೇಗ ಬಂದ ದಿನ ಪಾಠ ಅರ್ಧಕ್ಕೇ ಮುಗಿಯುತ್ತಿತ್ತು. “ಇವತ್ತಿಗೆ ಇಷ್ಟು ಸಾಕು, ಒಮ್ಮೆಲೇ ಹೆಚ್ಚು ಕಲಿಯಬಾರದು” ಎಂದು ಗಂಭೀರವಾಗಿ ಹೇಳುತ್ತಿದ್ದೆ. ಅವರಿಬ್ಬರೂ ನಂಬುತ್ತಿದ್ದರು. ನಂಬುವವರ ಎದುರು ಮೇಷ್ಟ್ರಾಗುವುದು ಎಷ್ಟು ಸುಖ ಎಂದು ಆಗ ಗೊತ್ತಾಯಿತು.

ಆದರೆ ಸುಶೀಲಮ್ಮನದು ಒಂದೇ ಕಾಟ, ‘ಯಾಕೆ’. ಮಂಜ ‘ಹೆಂಗೆ’ ಎಂದು ಕೇಳುತ್ತಿದ್ದ, ಅದಕ್ಕೆ ಉತ್ತರ ಬಸ್ಸಿನಲ್ಲಿ ಸಿಗುತ್ತಿತ್ತು. ಒಂದು ದಿನ ಮದುವೆ ವಿಡಿಯೋ ಎಡಿಟ್ ಮಾಡುವ ಕ್ರಮ ಹೇಳುತ್ತಿದ್ದೆ. ಮೊದಲ ಕೆಲಸ, ಕ್ಯಾಮೆರಾದಲ್ಲಿ ಬಂದ ಸದ್ದನ್ನೆಲ್ಲ ತೆಗೆದುಹಾಕುವುದು. ಆಮೇಲೆ ಅರಿಶಿನಕ್ಕೊಂದು, ಧಾರೆಗೊಂದು, ಊಟಕ್ಕೊಂದು ಅಂತ ಸಿನಿಮಾ ಹಾಡು ಹಾಕುವುದು.

“ಸದ್ದು ಯಾಕೆ ತಗೀಬೇಕಣ್ಣ?” ಎಂದರು.

“ಗಲಾಟೆ ಅದು. ಯಾರಿಗೆ ಬೇಕು?”

ಸುಶೀಲಮ್ಮ ಬರೆದುಕೊಳ್ಳಲಿಲ್ಲ.

ಬಾಯಿ ಮುಚ್ಚಿಸುವ ಕೆಲಸ ನನಗೆ ಹೊಸದಾಗಿ ಬಂದದ್ದಲ್ಲ, ಅಪ್ಪನಿಂದ ಬಂದದ್ದು. ನಮ್ಮಪ್ಪ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದು ಎಸ್ಟೇಟಿನಲ್ಲಿ ರೈಟರ್ ಆದವರು. ಹಾಜರಿ ಪುಸ್ತಕ, ಕಂಕುಳಲ್ಲಿ ಕೊಡೆ, ಕಾಲಿಗೆ ಜಿಗಣೆ ಹತ್ತದಿರಲೆಂದು ಮೊಣಕಾಲವರೆಗೆ ಕಾಲುಚೀಲ. ಶನಿವಾರ ಶಾಲೆ ಬಿಟ್ಟ ಮೇಲೆ ಅವರ ಹಿಂದೆ ತೋಟಕ್ಕೆ ಹೋಗುತ್ತಿದ್ದೆ. ಹಣ್ಣು ಕೊಯ್ಯುವ ಹೆಂಗಸರು ಗಿಡದೊಳಗೆ ಕಾಣುತ್ತಿರಲಿಲ್ಲ, ಹಾಡು ಮಾತ್ರ ಕೇಳುತ್ತಿತ್ತು. ಒಬ್ಬಳು ಎತ್ತಿಕೊಟ್ಟರೆ ಇನ್ನೊಂದು ಸಾಲಿನಿಂದ ಮತ್ತೊಬ್ಬಳು ಹಿಡಿಯುವಳು. ಅಪ್ಪ ಕೊಡೆಯಿಂದ ಗಿಡಕ್ಕೆ ಬಡಿದು, “ಬಾಯಿ ಮುಚ್ಚಿಕೊಂಡು ಕೊಯ್ಯಿ” ಎನ್ನುತ್ತಿದ್ದರು. ಹಾಡುವವಳ ಕೈ ನಿಧಾನ ಎಂಬುದು ಅವರ ಲೆಕ್ಕ. ಹಾಡು ನಿಲ್ಲುತ್ತಿತ್ತು, ಕೈ ಬೇಗ ಆಗುತ್ತಿತ್ತೋ ಇಲ್ಲವೋ ನಾನು ನೋಡಲಿಲ್ಲ. ನಮ್ಮ ಕೊಂಕಣಿ ಕ್ರೈಸ್ತರ ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರ ನಡೆಯುತ್ತದೆ. ಹೆಣ್ಣಿಗೋ ಗಂಡಿಗೋ ತೆಂಗಿನ ಹಾಲು ಹಚ್ಚುವಾಗ ಮುದುಕಿಯರು ಕೊಂಕಣಿಯಲ್ಲಿ ಹಾಡು ಹೇಳುತ್ತಾರೆ. ಅದನ್ನೂ ನಾನು ಸಾಲಾಗಿ ಅಳಿಸಿದ್ದೇನೆ. ಜಾತಿ ಧರ್ಮದ ಭೇದ ನನ್ನಲ್ಲಿರಲಿಲ್ಲ, ಎಲ್ಲರ ಬಾಯನ್ನೂ ಮುಚ್ಚಿದೆ.

ದೀಪಾವಳಿ ಕಳೆದ ಮೇಲೆ ಸುಶೀಲಮ್ಮ ಒಂದು ದಿನ ಪಾಠ ಮುಗಿದರೂ ಏಳಲಿಲ್ಲ. ಬ್ಯಾಗಿನಿಂದ ಒಂದು ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು.

“ನಮ್ ಮದ್ವೆ ಕ್ಯಾಸೆಟ್ ಇದ್ರಲ್ಲಿ ಹಾಕ್ಸಿವ್ನಿ. ತಗ್ದಿದ್ದು ನೀವೇ ಕಣಣ್ಣ. ನಿಮ್ಗೆ ನೆಪ್ಪಿರಾಕಿಲ್ಲ.”

ನೆನಪಿರಲಿಲ್ಲ. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಆದರೂ “ಅಯ್ಯೋ, ನೆನಪಿಲ್ಲದೆ ಏನು” ಎಂದೆ.

ಆಮೇಲೆ ಅವರು ಹೇಳಿದ್ದು ಇದು. ಸುಶೀಲಮ್ಮನ ಅವ್ವನ ತವರಿನಲ್ಲಿ ಒಂದು ಪದ ಇತ್ತಂತೆ. ಹೆಣ್ಣೊಪ್ಪಿಸುವಾಗ, ಅಂದರೆ ಧಾರೆ ಮುಗಿದು ಮಗಳನ್ನು ಗಂಡನ ಮನೆಯವರ ಕೈಗೆ ಕೊಡುವಾಗ, ಹೆತ್ತವಳೇ ಅದನ್ನು ಹೇಳಬೇಕು. ಬೇರೆಯವರು ಹೇಳುವ ಹಾಗಿಲ್ಲ. ಬೇರೆ ದಿನ ಹೇಳುವ ಹಾಗೂ ಇಲ್ಲ. ರಾಗ ಗುನುಗಬಹುದು, ಮಾತು ಬಾಯಿಗೆ ಬರಬಾರದು. ಮಗಳಿಗೆ ಕಲಿಸಲು ಮಾತ್ರ ಹೆತ್ತವಳು ಬಾಯಿ ಬಿಡಬಹುದು, ಅದೂ ಮೊಮ್ಮಗಳ ಮದುವೆ ಗೊತ್ತಾದ ಮೇಲೆ.

“ನಂಗೆ ಒಬ್ಳೇ ಮಗ್ಳು. ಅವ್ಳಿಗೆ ಗಂಡು ಗೊತ್ತಾಗೈತೆ, ವೈಶಾಖದಲ್ಲಿ ಮದ್ವೆ. ಕಲ್ಸೋಕೆ ಅವ್ವ ಇಲ್ಲ, ಹೋಗಿ ಒಂಬತ್ ವರ್ಷ ಆಯ್ತು. ರಾಗ ತಲೇಲಿ ಐತೆ, ಮಾತಿಲ್ಲ. ನನ್ ಮದ್ವೇಲಿ ಹೇಳಿದ್ಲು, ನಾನು ಅಳ್ತಾ ಕೂತಿದ್ದೆ, ಒಂದೂ ಕಿವಿಗೆ ಬೀಳ್ಲಿಲ್ಲ.”

“ಬೇರೆ ಯಾರಿಗೂ ಗೊತ್ತಿಲ್ವಾ?”

“ಅರಕಲಗೂಡಲ್ಲಿ ಚಿಕ್ಕವ್ವ ಒಬ್ಳಿದ್ಲು. ಅವ್ಳೂ ಹೋಗ್ಬುಟ್ಲು. ನಮ್ಮತ್ತೆ ಅವತ್ತು ಕೇಳವ್ರೆ, ಮಾತು ಒಂದೂ ನೆಪ್ಪಿಲ್ಲ ಅಂತಾರೆ.” ಪೆನ್ ಡ್ರೈವನ್ನು ನನ್ನ ಕಡೆ ಸ್ವಲ್ಪ ತಳ್ಳಿದರು. “ನೀವು ಸಿನಿಮಾ ಹಾಡು ಹಾಕಿದೀರಿ. ಅದಕ್ ಮುಂಚೆ ಕ್ಯಾಮೆರಾದಲ್ಲಿ ಇದ್ದ ಕ್ಯಾಸೆಟ್ಟು ನಿಮ್ತಾವ ಇರ್ತದಲ್ವಾ?”

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಕ್ಯಾಮೆರಾದೊಳಗೆ ಹಾಕುವ ಕ್ಯಾಸೆಟ್ಟನ್ನು ರಾ ಕ್ಯಾಸೆಟ್ ಅನ್ನುತ್ತಿದ್ದೆವು. ಆಗ ನನ್ನಲ್ಲಿ ಕಂಪ್ಯೂಟರ್ ಇರಲಿಲ್ಲ. ಹಾಸನಕ್ಕೆ ಹೋಗಿ ಮಿಕ್ಸಿಂಗ್ ಮಾಡಿಸಿ, ಹಾಡು ಸೇರಿಸಿ, ಮನೆಯವರಿಗೆ ಬೇರೆ ಕ್ಯಾಸೆಟ್ ಕೊಟ್ಟ ಮೇಲೆ ರಾ ಕ್ಯಾಸೆಟ್ಟಿನ ಕೆಲಸ ಮುಗಿಯಿತು. ಅದನ್ನೇ ಹಿಂದಕ್ಕೆ ಸುತ್ತಿ ಮುಂದಿನ ಮದುವೆಗೆ ಒಯ್ಯುತ್ತಿದ್ದೆವು. ಒಂದು ಕ್ಯಾಸೆಟ್ಟಿನ ಮೇಲೆ ಐದಾರು ಮದುವೆ. ನಾನೊಬ್ಬನೇ ಅಲ್ಲ, ಎಲ್ಲರೂ ಮಾಡುತ್ತಿದ್ದದ್ದೇ ಹಾಗೆ. ಸುಶೀಲಮ್ಮನ ಅವ್ವ ಹೇಳಿದ ಪದದ ಮೇಲೆ ಮುಂದಿನ ವಾರವೇ ಬೇರೆ ಯಾರದೋ ಮದುವೆಯ ವಾಲಗ ಕೂತಿರುತ್ತದೆ.

ಇದನ್ನು ಆಗಲೇ ಹೇಳಿಬಿಡಬೇಕಿತ್ತು. ಒಂದು ವಾಕ್ಯದ ಮಾತು. ಹೇಳಿದರೆ ಇವರು ನಾಳೆಯಿಂದ ಬರುವುದಿಲ್ಲ ಎಂದು ಹೊಳೆಯಿತು. ಹೇಳಿದ್ದನ್ನು ಮನೆಯಲ್ಲಿ ಮಾಡಿಕೊಂಡು ಬರುತ್ತಿದ್ದವರು, ನನ್ನ ಮಾತನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದವರು ಅವರೊಬ್ಬರೇ.

“ಇರ್ತದೆ. ಅಟ್ಟದ ಮೇಲೆ ಪೆಟ್ಟಿಗೆಯಲ್ಲಿ ಎಲ್ಲೋ ಇರ್ತದೆ. ಹುಡುಕ್ಬೇಕು” ಎಂದೆ.

ಡಿಸೆಂಬರ್ ಬಂತು, ಕೊಯ್ಲು ಶುರುವಾಯಿತು. ಕೊಯ್ಲಿನ ನಡುವೆಯೂ ಸುಶೀಲಮ್ಮ ವಾರಕ್ಕೆ ಎರಡು ಸಲ ಬರುತ್ತಿದ್ದರು, ಉಗುರಿನ ಸಂದಿನಲ್ಲಿ ಕಾಫಿ ಹಣ್ಣಿನ ಕಪ್ಪು ಹಾಗೇ ಇರುತ್ತಿತ್ತು. ಬಂದವರು, “ಸಿಕ್ತಾ ಅಣ್ಣ?” ಎನ್ನುವರು. “ಇನ್ನೊಂದು ಪೆಟ್ಟಿಗೆ ಇದೆ” ಎನ್ನುವೆನು. ನಮ್ಮ ಮನೆಗೆ ಅಟ್ಟವೇ ಇಲ್ಲ, ಶೀಟಿನ ಮನೆ.

ಆಮೇಲಾಮೇಲೆ ಅವರು ಕೇಳುವುದನ್ನು ಬಿಟ್ಟರು. ನಾನು ಬಚಾವಾದೆ ಅಂದುಕೊಂಡೆ. ಆದರೆ ನನ್ನ ಪಾಠದಿಂದಲೇ ಅವರು ಬೇರೆ ದಾರಿ ಹುಡುಕಿಕೊಂಡಿದ್ದರು. ಒಂದರ ಮೇಲೊಂದು ಪದರ ಇಡುವ ಪಾಠ ಮಾಡಿದ್ದೆ. ಮಂಜನ ಜೀಪಿನ ವಿಡಿಯೋದ ಮೇಲೆ ಹಾಡು ಹಾಕಿ, ಆಮೇಲೆ ಹಾಡಿನ ಪದರ ತೆಗೆದು, “ನೋಡಿ, ಕೆಳಗೆ ಜೀಪಿನ ಸದ್ದು ಹಾಗೇ ಇದೆ” ಎಂದು ತೋರಿಸಿದ್ದೆ. ಸುಶೀಲಮ್ಮ ಅದನ್ನು ಮೂರು ಸಲ ಮಾಡಿಸಿ ಬರೆದುಕೊಂಡಿದ್ದರು. ಮುಂದಿನ ವಾರ ಬಂದವರೇ ತಮ್ಮ ಫೋನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಅವರ ಮದುವೆಯ ವಿಡಿಯೋ ತೆರೆದಿತ್ತು.

“ಹಾಡು ತಗ್ದೆ ಅಣ್ಣ. ಕೆಳಗೆ ಅವ್ವನ ದನಿ ಬರ್ಬೇಕಿತ್ತು. ಬರ್ತಾ ಇಲ್ಲ. ನಾನೆಲ್ಲೋ ತಪ್ ಒತ್ತಿವ್ನಿ, ನೋಡಿ.”

ಗೋಡೆಯ ಸುಣ್ಣ ಕೆರೆದರೆ ಹಳೆಯ ಬಣ್ಣ ಕಾಣುವ ಹಾಗೆ ಹಾಡಿನ ಕೆಳಗೆ ಅವ್ವ ಇರುತ್ತಾಳೆ ಎಂದು ನಂಬಿ ಆ ಹೆಂಗಸು ಒಂದು ವಾರ ಒಬ್ಬರೇ ಕೂತು ಒತ್ತಿದ್ದಾರೆ. ತಪ್ಪು ಅವರದಲ್ಲ, ಕಲಿಸಿದ್ದು ಅದನ್ನೇ. ಇನ್ನು ಸುಳ್ಳು ಹೇಳಲು ನನ್ನಲ್ಲಿ ಪೆಟ್ಟಿಗೆಗಳು ಉಳಿದಿರಲಿಲ್ಲ. ಎಲ್ಲ ಹೇಳಿದೆ. ಈ ವಿಡಿಯೋದಲ್ಲಿ ಎರಡನೇ ಪದರ ಇಲ್ಲ, ರಾ ಕ್ಯಾಸೆಟ್ ಇಲ್ಲ, ಅಟ್ಟವೂ ಇಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಅವರು ಫೋನನ್ನು ಸೆರಗಿನಲ್ಲಿ ಒರೆಸಿಕೊಂಡು, “ಮೊದ್ಲೇ ಹೇಳಿದ್ರೆ ಕೊಯ್ಲಿನ್ ಟೈಮಲ್ಲಿ ಬರ್ತಿರ್ಲಿಲ್ಲ ಅಣ್ಣ” ಎಂದರು. ಎದ್ದು ಹೊರಟವರು ಬಾಗಿಲಲ್ಲಿ ನಿಂತರು. ಕೆಳಗೆ ಒಂದು ಲಾರಿ ಹೋಯಿತು, ಮೇಜು ನಡುಗಿತು. ಮಂಜ ತಲೆ ಎತ್ತಿರಲಿಲ್ಲ.

“ದನಿ ಇಲ್ದಿದ್ರೆ ಹೋಗ್ಲಿ. ಬಾಯಿ ಕಾಣ್ತದಲ್ಲ” ಎಂದರು ಸುಶೀಲಮ್ಮ. “ರಾಗ ನಂಗೊತ್ತು. ಬಾಯಿ ಆಡೋದ ನೋಡ್ಕಂಡು ಮಾತು ಹಿಡೀಬೋದಲ್ವಾ?”

ನನಗೆ ಇಂಥದ್ದು ಹೊಳೆಯುತ್ತಿರಲಿಲ್ಲ. ನಾನು ಮೂವತ್ತು ವರ್ಷದಲ್ಲಿ ಸಾವಿರ ಜನರ ಬಾಯಿಯನ್ನು ಕ್ಯಾಮೆರಾದಲ್ಲಿ ಹಿಡಿದಿದ್ದೇನೆ, ಒಂದನ್ನೂ ನೋಡಿಲ್ಲ.

ಅವತ್ತಿನಿಂದ ಮೇಷ್ಟ್ರು ಯಾರು, ವಿದ್ಯಾರ್ಥಿ ಯಾರು ಎಂಬುದು ಗೊತ್ತಾಗದ ಹಾಗೆ ನಡೆಯಿತು. ಜೀಪಿಗೆಂದು ಕಲಿತ ನಿಧಾನದ ವಿದ್ಯೆಯನ್ನು ಮಂಜ ಅವ್ವನ ಮುಖಕ್ಕೆ ಹಚ್ಚಿದ. ಸುಶೀಲಮ್ಮ ಮನೆಯಿಂದ ಕುಂಕುಮದ ಪೆಟ್ಟಿಗೆಯ ಪುಟ್ಟ ಕನ್ನಡಿ ತಂದರು. ಪರದೆಯಲ್ಲಿ ಅವ್ವನ ಬಾಯಿ ಒಂದು ಸಲ ತೆರೆಯುವುದು, ಇವರು ರಾಗ ಹಿಡಿದು, ಕನ್ನಡಿಯಲ್ಲಿ ತಮ್ಮ ಬಾಯಿ ನೋಡಿಕೊಂಡು ಅದೇ ಹಾಗೆ ತೆರೆಯುವರು. ಮಾತು ಬಾಯಿಗೆ ತರಬಾರದ ಪದ ಅಲ್ಲವೇ, ಅದಕ್ಕೆ ದನಿ ಹೊರಡಿಸದೆ, ತುಟಿಯಲ್ಲಿ ಮಾತ್ರ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ ಎಂದು ನಾನು ಕಲಿತದ್ದು ಆಗ. ‘ಳ’ ಅನ್ನುವಾಗ ಕೆನ್ನೆ ಒಳಗೆ ಹೋಗುತ್ತದೆ ಎಂದು ಕಂಡುಹಿಡಿದವನು ಮಂಜ. ಜೀಪು ಬಿಟ್ಟು ಬಂದು ಕೂತಿರುತ್ತಿದ್ದ. ನಮ್ಮ ಆ ಕೋಣೆಯಲ್ಲಿ ಮೂರು ಜನ ದೊಡ್ಡವರು ಸದ್ದಿಲ್ಲದೆ ಬಾಯಿ ಆಡಿಸುತ್ತ ಕೂತದ್ದನ್ನು ಯಾರಾದರೂ ನೋಡಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ನಿಜ ಹೇಳುತ್ತೇನೆ, ನನ್ನ ಬದುಕಿನಲ್ಲಿ ಕೆಲಸ ಎಂದು ನಾನು ಮಾಡಿದ್ದು ಆ ಮೂರು ವಾರ.

ಒಂದು ಸಾಲು ಸಿಕ್ಕಿತು. ‘ಒಳಗಿನ ದೀಪಾವ ಹೊರಗಿಟ್ಟು ಬಂದೀನಿ.’ ಸುಶೀಲಮ್ಮ ಅದನ್ನು ಬರೆದು ನಮಗೆ ತೋರಿಸಿದರು, ಓದಲಿಲ್ಲ. ನಾಲ್ಕು ದಿನ ಬಿಟ್ಟು ಎರಡನೆಯದು ಸಿಕ್ಕಿತು. ‘ಗಾಳೀಯೆ ನೀನು ಬರುವಾಗ.’

ಮೂರನೆಯದಕ್ಕೆ ಅವ್ವ ಉಸಿರು ತೆಗೆದುಕೊಂಡಳು. ಬಾಯಿ ತೆರೆದಳು. ಪರದೆಯ ನಡುವಿನಿಂದ ಒಂದು ಕೆಂಪು ಗುಲಾಬಿ ಹುಟ್ಟಿ, ಎಸಳು ಎಸಳಾಗಿ ಬಿಚ್ಚಿ, ಅವಳ ಮುಖವನ್ನು ಪೂರ್ತಿ ಮುಚ್ಚಿತು. ಗುಲಾಬಿ ಸರಿದಾಗ ಅಲ್ಲಿ ಊಟದ ಪಂಕ್ತಿ ಇತ್ತು, ಯಾರೋ ಒಬ್ಬರು ಪಾಯಸ ಬಡಿಸುತ್ತಿದ್ದರು.

ಮಂಜ ಹಿಂದಕ್ಕೆ ಎಳೆದು ಇನ್ನೊಮ್ಮೆ ಹಾಕಿದ. ಮತ್ತೆ ಗುಲಾಬಿ. ಎಷ್ಟು ನಿಧಾನ ಮಾಡಿದರೂ ಗುಲಾಬಿ ನಿಧಾನವಾಗಿ ಅರಳುತ್ತಿತ್ತು, ಅಷ್ಟೇ.

“ಇದೇನಣ್ಣ ಇದು?” ಎಂದರು ಸುಶೀಲಮ್ಮ.

“ಆಗಿನ ಫ್ಯಾಷನ್” ಎಂದೆ.

ಅದು ಪೂರ್ತಿ ನಿಜವಲ್ಲ, ನಿಮಗೆ ಹೇಳುತ್ತೇನೆ. ಗುಲಾಬಿ ನೋಡಿದ ಕೂಡಲೇ ನನಗೆ ಹಾಸನದ ಮಿಕ್ಸಿಂಗ್ ಕೋಣೆ ನೆನಪಾಯಿತು, ನಾನು ಆಡಿದ ಮಾತೂ ನೆನಪಾಯಿತು. ಅವ್ವನಿಗೆ ಮುಂದಿನ ಎರಡು ಹಲ್ಲಿರಲಿಲ್ಲ. ಬಾಯಿ ತುಂಬ ಎಲೆ ಅಡಿಕೆಯ ಕೆಂಪು. ಅಳುತ್ತ ಹಾಡುತ್ತಿದ್ದಳು, ಮೂಗು ಸೋರುತ್ತಿತ್ತು. ಮಿಕ್ಸಿಂಗ್ ಮಾಡುವವನಿಗೆ ನಾನೇ ಹೇಳಿದ್ದೆ, “ಆ ಮುದುಕಿ ಬಾಯಿ ಅಸಹ್ಯ ಕಾಣ್ತದೆ, ಅಲ್ಲಿಗೆ ಒಂದು ಹೂವು ಹಾಕಿ ಊಟಕ್ಕೆ ಹೋಗು.” ಅವತ್ತು ಆ ಅವ್ವನಿಗೆ ಇದ್ದದ್ದಕ್ಕಿಂತ ಹೆಚ್ಚು ವಯಸ್ಸು ಈಗ ನನಗಾಗಿದೆ.

ಇದನ್ನು ಸುಶೀಲಮ್ಮನಿಗೆ ಹೇಳಲಿಲ್ಲ. ಅಟ್ಟದ ಸುಳ್ಳನ್ನು ಒಪ್ಪಿಕೊಂಡವನಿಗೆ ಇದನ್ನು ಒಪ್ಪಿಕೊಳ್ಳಲು ಆಗಲಿಲ್ಲ.

ಅವರು ಕನ್ನಡಿಯನ್ನು ಮೇಜಿನ ಮೇಲೆ ಮಗುಚಿಟ್ಟರು. ಆಮೇಲೆ ನನ್ನನ್ನೇ ನೋಡಿ ಕೇಳಿದರು, “ಫೆಲಿಕ್ಸಣ್ಣ, ಇಷ್ಟ್ ದಪ್ಪ ಮುಖ ಬಂದೈತೆ ಅಂದ್ರೆ ನೀವು ಅವ್ವನ ಎದುರಿಗೇ ನಿಂತಿದ್ರಿ. ಎರಡಡಿ ದೂರ. ಅಷ್ಟ್ ಹತ್ರ ನಿಂತು ಇಡೀ ಪದ ಕೇಳಿರೋರಲ್ಲಿ, ನೆಪ್ ಮಾಡ್ಕಳಾಕೆ ಆಗೋರು ಈಗ ನೀವೊಬ್ರೇ. ಒಂಚೂರು ನೆಪ್ ಮಾಡ್ಕಳಿ. ಗಾಳಿಗೆ ಏನಂದ್ಲು?”

ಕಣ್ಣು ಮುಚ್ಚಿದೆ. ನಾಟಕ ಮಾಡಲಿಲ್ಲ, ನಿಜವಾಗಿಯೂ ನೆನಪು ಮಾಡಿಕೊಳ್ಳಲು ಹೊರಟೆ. ಆ ಚಪ್ಪರ ನೆನಪಾಯಿತು, ಬೆಳಕು ಸಾಲದೆ ಲೈಟಿನವನಿಗೆ ಬೈದದ್ದು ನೆನಪಾಯಿತು. ಹೆಗಲು ನೋಯುತ್ತಿತ್ತು. ಬ್ಯಾಟರಿ ಮುಗಿಯುತ್ತ ಬಂದಿತ್ತು, ಈ ಹಾಡು ಬೇಗ ಮುಗಿದರೆ ಸಾಕಪ್ಪ ಎಂದು ಅಂದುಕೊಂಡಿದ್ದೆ. ಇನ್ನೂ ಒಳಗೆ ಹೋದೆ. ಮತ್ತೆ ಬ್ಯಾಟರಿಯೇ ಸಿಕ್ಕಿತು.

“ಇಲ್ಲ ಸುಶೀಲಮ್ಮ” ಎಂದೆ.

“ಪರ್ವಾಗಿಲ್ಲ ಬುಡಿ” ಎಂದು ಅವರು ಕನ್ನಡಿಯನ್ನು ಬ್ಯಾಗಿಗೆ ಹಾಕಿಕೊಂಡರು. ಅವತ್ತೇ ಕೊನೆ, ಆಮೇಲೆ ಅವರು ಪಾಠಕ್ಕೆ ಬರಲಿಲ್ಲ. ಮಂಜ ಒಂದೆರಡು ವಾರ ಬಂದ. ಅವನಿಗೂ ಯಾಕೋ ಜೀಪನ್ನು ನಿಧಾನ ಮಾಡಿ ನೋಡುವ ಹುಮ್ಮಸ್ಸು ಉಳಿದಿರಲಿಲ್ಲ. ಫ್ಲೆಕ್ಸ್ ಇಳಿಸಿ, ಸುತ್ತಿ, ಮನೆಗೆ ತಂದೆ.

ಮದುವೆಗೆ ಕರೆ ಬರುತ್ತದೆ ಅಂದುಕೊಂಡಿರಲಿಲ್ಲ. ಸುಶೀಲಮ್ಮನೇ ಮನೆಗೆ ಬಂದು ಲಿಲ್ಲಿಗೆ ಅರಿಶಿನ ಕುಂಕುಮದ ಜೊತೆ ಪತ್ರಿಕೆ ಕೊಟ್ಟು, “ಮೇಷ್ಟ್ರನ್ನ ಕರ್ಕಂಡ್ ಬರ್ಬೇಕು ಅಕ್ಕ” ಎಂದು ಹೇಳಿಹೋದರು. ಆಲೂರಿನ ಕಲ್ಯಾಣ ಮಂಟಪ. ಕೈಯಲ್ಲಿ ಕ್ಯಾಮೆರಾ ಇಲ್ಲದೆ ನಾನು ಹೋದ ಮದುವೆಗಳು ಕಡಿಮೆ, ಕೈ ಎಲ್ಲಿಡಬೇಕು ಎಂದು ಗೊತ್ತಾಗದೆ ಮಡಿಲಲ್ಲಿ ಇಟ್ಟುಕೊಂಡು ಮುಂದಿನಿಂದ ಮೂರನೇ ಸಾಲಿನಲ್ಲಿ ಕೂತಿದ್ದೆ. ವಿಡಿಯೋದ ಹುಡುಗರು ಅಡ್ಡ ಬರುತ್ತಿದ್ದರು. ನಾನೂ ಹೀಗೇ ಎಷ್ಟು ಜನಕ್ಕೆ ಅಡ್ಡ ನಿಂತಿದ್ದೆನೋ.

ಧಾರೆ ಮುಗಿಯಿತು. ಹೆಣ್ಣೊಪ್ಪಿಸುವ ಹೊತ್ತಿಗೆ ಸುಶೀಲಮ್ಮ ಮಗಳ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು, ವಾಲಗದವರ ಕಡೆ ನೋಡಿದರು. ವಾಲಗ ನಿಂತಿತು. ಅವರು ಹೇಳತೊಡಗಿದರು.

‘ಒಳಗಿನ ದೀಪಾವ ಹೊರಗಿಟ್ಟು ಬಂದೀನಿ.’

ನಾನು ಆ ಪದವನ್ನು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು. ಎರಡಡಿ ದೂರದಲ್ಲಿ ನಿಂತವನು ಇಪ್ಪತ್ತೈದು ವರ್ಷ ತಡವಾಗಿ, ಮೂರನೇ ಸಾಲಿನ ಕುರ್ಚಿಯಲ್ಲಿ ಕೂತು ಕೇಳಿದೆ. ಅಳು ಬಂತು, ಲಿಲ್ಲಿ ನೋಡಿದಳು.

‘ಗಾಳೀಯೆ ನೀನು ಬರುವಾಗ.’

ಅಲ್ಲಿಗೆ ನಿಲ್ಲಿಸಿದರು. ರಾಗ ಮೇಲೆ ಹೋಗಿ ನಿಂತಿತ್ತು, ಇಳಿಯಬೇಕಿತ್ತು. ಸುತ್ತ ನಿಂತ ಹೆಂಗಸರು ಕಾದರು. ಸುಶೀಲಮ್ಮನ ಅತ್ತೆ, ತುಂಬ ವಯಸ್ಸಾದವರು, ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದ್ದರು.

“ಮುಂದಕ್ ಹೇಳವ್ವ” ಎಂದರು ಆ ಅಜ್ಜಿ.

“ಅಷ್ಟೇ ಅತ್ತೆ.”

“ಅಷ್ಟೇ ಹೆಂಗಾಯ್ತದೆ? ನಿಮ್ಮವ್ವ ಬಾಳ ಹೊತ್ ಹೇಳಿದ್ಲು. ನಂಗೆ ನೆಪ್ಪೈತೆ, ಊಟಕ್ ಹೊತ್ತಾಯ್ತದೆ ಅಂತ ಗಂಡಸ್ರು ಗದ್ಲ ಎಬ್ಬಿಸಿದ್ರು.”

ಸುಶೀಲಮ್ಮ ಜನರ ನಡುವೆ ನನ್ನನ್ನು ಹುಡುಕಿ ಒಂದು ಸಲ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

“ಇಲ್ಲ ಅತ್ತೆ, ನಿಮ್ಗೆಲ್ಲೋ ಮರ್ತೋಗೈತೆ” ಎಂದರು. “ಅವ್ವ ಹೇಳಿದ್ದು ಅಷ್ಟೇ. ನಾನು ಕ್ಯಾಸೆಟ್ಟಲ್ಲೇ ನೋಡಿವ್ನಿ.”

ಕ್ಯಾಸೆಟ್ಟಿನಲ್ಲಿ ನೋಡಿದ್ದೇನೆ ಎಂದ ಮೇಲೆ ಮುಗಿಯಿತು. ವಾಲಗದವರು ಶುರು ಮಾಡಿದರು. ಹಿಂದಿನ ಸಾಲುಗಳ ಜನ ಊಟಕ್ಕೆ ಎದ್ದರು, ಕುರ್ಚಿಗಳ ಸದ್ದಾಯಿತು. ನಾನು ಏಳಲಿಲ್ಲ. ಮದುವೆ ಹೆಣ್ಣು ತಲೆ ತಗ್ಗಿಸಿ ನಿಂತಿದ್ದಳು, ಅವಳ ತುಟಿ ಅಲ್ಲಾಡುತ್ತಿತ್ತು. ನನಗೆ ಈಗ ತುಟಿ ಓದಲು ಬರುತ್ತದೆ. ತನ್ನ ತಾಯಿ ಈಗಷ್ಟೇ ಹೇಳಿದ್ದನ್ನು ಮರೆಯಬಾರದೆಂದು ಆ ಹುಡುಗಿ ದನಿಯಿಲ್ಲದೆ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಮೊದಲನೇ ಸಾಲು ಹೇಳಿದಳು. ಎರಡನೇ ಸಾಲು ಹೇಳಿದಳು. ಪೂರ್ತಿ ಬಂತು ಅಂದುಕೊಂಡು ಬಾಯಿ ಮುಚ್ಚಿದಳು.